ಬಾಷ್ಕೊ ಪೊಲ್ಯೆಯಲ್ಲಿ ಆಡಿದ ಮಾತು

ವಿಜ್ಞಾನದ ಪ್ರಬಂಧ ಯಾವುದೇ ಇರಲಿ, ಕೊನೆಯ ಆಕರಪಟ್ಟಿಯಲ್ಲಿ ಪತ್ರಿಕೆಯ ಹೆಸರು, ಸಂಪುಟ, ಪುಟಸಂಖ್ಯೆ ಇರುತ್ತವೆ. ಕಾಂತೀಯ ಅನುರಣನದ, ಅಂದರೆ ಎನ್‌ಎಂಆರ್‌ನ ಪ್ರಬಂಧಗಳಲ್ಲಿ ಮಾತ್ರ ಪುಟಸಂಖ್ಯೆಯೇ ಇಲ್ಲದ ಒಂದು ಆಕರ ಬಹುಕಾಲ ಕಾಣಿಸಿಕೊಳ್ಳುತ್ತಿತ್ತು. ಝಾನ್ ಜೀನೆರ್, ಆಂಪೇರ್ ಬೇಸಿಗೆ ಶಾಲೆ, ಬಾಷ್ಕೊ ಪೊಲ್ಯೆ, ಯುಗೊಸ್ಲಾವಿಯ, 1971. ಇಷ್ಟೇ. ಏಡ್ರಿಯಾಟಿಕ್ ಕಡಲ ದಂಡೆಯ ಊರೊಂದರಲ್ಲಿ ಬೆಲ್ಜಿಯಂನ ಭೌತವಿಜ್ಞಾನಿಯೊಬ್ಬರು ಕೊಟ್ಟ ಉಪನ್ಯಾಸ ಅದು.

ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟ ಪರಮಾಣು ಬೀಜಗಳು ರೇಡಿಯೊ ಅಲೆಗೆ ಓಗೊಡುತ್ತವೆ ಎಂಬುದನ್ನು ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ 1946ರಲ್ಲೇ ತೋರಿಸಿದ್ದರು. ಪ್ರತಿ ಬೀಜದ ಸ್ವರವೂ ಅದರ ನೆರೆಹೊರೆಗೆ ತಕ್ಕಂತೆ ತುಸು ಬೇರೆ. ಸಣ್ಣ ಅಣುವಾದರೆ ಸ್ವರಗಳನ್ನು ಬಿಡಿಬಿಡಿಯಾಗಿ ಗುರುತಿಸಬಹುದು. ಪ್ರೋಟೀನಿನಂಥ ದೊಡ್ಡ ಅಣುವಿನಲ್ಲಿ ನೂರಾರು ಬೀಜಗಳು ಒಟ್ಟಿಗೆ ಓಗೊಟ್ಟರೆ ಸಂತೆಯ ಗದ್ದಲವೇ ಸೈ. ಜೀನೆರ್ ಹೇಳಿದ ಉಪಾಯ ಕೇಳಲು ಬಲು ಸರಳ: ಒಂದು ಪಲ್ಸ್ ಕೊಡಿ, ಕೊಂಚ ಕಾಯಿರಿ, ಇನ್ನೊಂದು ಪಲ್ಸ್ ಕೊಟ್ಟು ಕಿವಿಗೊಡಿ. ಕಾಯುವ ಅವಧಿಯನ್ನು ಚೂರುಚೂರೇ ಹಿಗ್ಗಿಸುತ್ತ ಇದನ್ನೇ ಮತ್ತೆ ಮತ್ತೆ ಮಾಡಿ. ದೊರೆತದ್ದನ್ನು ಕಾಯುವ ಮತ್ತು ಕೇಳುವ ಎರಡೂ ಕಾಲಗಳ ಮೇಲೆ, ಸಂಕೇತವನ್ನು ಸ್ವರಗಳಾಗಿ ಬಿಡಿಸುವ ಫೂರಿಯೆ ಗಣಿತಕ್ಕೆ ಒಡ್ಡಿದರೆ, ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ನಿಂತಿದ್ದ ಸಂಕೇತಗಳು ನಕಾಶೆಯ ಹಾಗೆ ಹರಡಿಕೊಳ್ಳುತ್ತವೆ. ಯಾವ ಬೀಜಕ್ಕೆ ಯಾವುದರ ನಂಟು ಎಂಬುದೂ ಅಲ್ಲಿ ಕಾಣುತ್ತದೆ.

ಜೀನೆರ್ ಇದನ್ನು ಪತ್ರಿಕೆಯಲ್ಲಿ ಪ್ರಕಟಿಸಲಿಲ್ಲ. ಆ ಉಪನ್ಯಾಸದ ಟಿಪ್ಪಣಿಗಳು ಪುಸ್ತಕವೊಂದರಲ್ಲಿ ಅಚ್ಚಾದದ್ದು 1994ರಲ್ಲಿ. ಆದರೆ ಕೇಳುಗರ ನಡುವೆ ಜ್ಯೂರಿಕ್‌ನ ರಿಚರ್ಡ್ ಅರ್ನ್ಸ್ಟ್ ಅವರ ಮೊದಲ ಸಂಶೋಧನಾ ವಿದ್ಯಾರ್ಥಿ ಥಾಮಸ್ ಬೌಮಾನ್ ಇದ್ದರು. ಆ ಮಾತು ಜ್ಯೂರಿಕ್ ತಲುಪಿದ್ದು ಅವರ ಮೂಲಕ. ಇಡೀ ಕತೆಯಲ್ಲಿ ನನಗೆ ಬಹಳ ಹತ್ತಿರವಾಗುವವರು ಈ ವಿದ್ಯಾರ್ಥಿಯೇ. ಉಪನ್ಯಾಸ ಎಂದ ಕೂಡಲೇ ನಮ್ಮ ಕಣ್ಣು ವೇದಿಕೆಯತ್ತ ಹೋಗುತ್ತದೆ. ಕೇಳಿದ್ದನ್ನು ಕೆಡಿಸದೆ ಹೊತ್ತು ತಂದು ಒಪ್ಪಿಸುವವರಿಲ್ಲದೆ ಯಾವ ಮಾತು ತಾನೇ ಸಭೆಯ ಬಾಗಿಲು ದಾಟೀತು?

ಪ್ರಯೋಗ ಮಾತ್ರ ತಕ್ಷಣ ಆಗಲಿಲ್ಲ. ಅದನ್ನು ಆಗಿಸಿದ್ದೂ ಇನ್ನೊಂದು ಸಭೆಯೇ. ಸ್ವಿಟ್ಜರ್ಲೆಂಡಿನ ಕಾಂಡರ್‌ಸ್ಟೆಗ್‌ನಲ್ಲಿ 1974ರಲ್ಲಿ ನಡೆಯಬೇಕಿದ್ದ ಸಮ್ಮೇಳನಕ್ಕೆ ಫಲಿತಾಂಶಗಳು ತೀರಾ ಅಗತ್ಯವಾಗಿದ್ದವು, ಹಾಗಾಗಿ ಆ ಬೇಸಿಗೆಯಲ್ಲಿ ಮೊದಲ ಪ್ರಯೋಗಕ್ಕೆ ಕೈಹಾಕಿದೆವು ಎಂದು ಅರ್ನ್ಸ್ಟ್ ತಾವೇ ಬರೆದಿದ್ದಾರೆ. ದಿನಾಂಕ ಗೊತ್ತಾಗಿಬಿಟ್ಟ ಸಭೆಗೆ ಪ್ರಯೋಗಾಲಯವನ್ನು ಎಬ್ಬಿಸಿ ಕೂರಿಸುವ ಶಕ್ತಿ ಇದೆ.

ಅದೇ ವರ್ಷ ಅಮೆರಿಕದ ರ್‍ಯಾಲಿಯಲ್ಲಿ ಅರ್ನ್ಸ್ಟ್ ಕೇಳುಗರಾಗಿ ಕುಳಿತಿದ್ದರು. ಕಾಂತೀಯ ಅನುರಣನದಿಂದ ವಸ್ತುವಿನ ಒಳಚಿತ್ರ ತೆಗೆಯುವ ಬಗೆಯನ್ನು ಅಲ್ಲಿ ಪಾಲ್ ಲಾಟರ್ಬರ್ ವಿವರಿಸಿದರು. ಸಂಕೇತಗಳನ್ನು ಎರಡು ಆಯಾಮಗಳಲ್ಲಿ ಹರಡುವ ಜೀನೆರ್ ಉಪಾಯವನ್ನು ಚಿತ್ರಕ್ಕೂ ಯಾಕೆ ಬಳಸಬಾರದು ಎಂಬ ಯೋಚನೆ ಅರ್ನ್ಸ್ಟ್‌ರಿಗೆ ಹೊಳೆಯಿತು. ಅದರ ಮೊದಲ ಪ್ರಯೋಗ ಮಾಡಿದವರು ಡೀಟರ್ ವೆಲ್ಟಿ ಮತ್ತು ಅನಿಲ್ ಕುಮಾರ್. ಮೂವರ ಪ್ರಬಂಧ 1975ರಲ್ಲಿ ಬಂತು. ಇವತ್ತು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲೂ ಎಂಆರ್‌ಐ ಯಂತ್ರ ಚಿತ್ರ ಕಟ್ಟುವ ಕ್ರಮ ಇದರ ಸಂತತಿಯೇ.

ಅನಿಲ್ ಕುಮಾರ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಅರ್ನ್ಸ್ಟ್ ಮತ್ತು ಕುರ್ಟ್ ವ್ಯೂಥ್ರಿಚ್ ಜೊತೆ 1980ರಲ್ಲಿ ಅವರು ಬರೆದ ಪ್ರಬಂಧ ದ್ರಾವಣದಲ್ಲಿರುವ ಪ್ರೋಟೀನಿನ ಆಕಾರ ತಿಳಿಯಲು ದಾರಿ ತೆರೆಯಿತು. ಬೆಂಗಳೂರಿಗೆ ಈ ವಿದ್ಯೆಯ ನಂಟು ಇನ್ನೂ ಹಳೆಯದು. ಹರಿಯುವ ದ್ರವದಲ್ಲಿ ಬೀಜಗಳ ಅನುರಣನವನ್ನು ಇದೇ ಸಂಸ್ಥೆಯ ಜಿ. ಸೂರ್ಯನ್ 1951ರಲ್ಲೇ ಅಳೆದಿದ್ದರು.

ಆಹ್ವಾನಿತ ಉಪನ್ಯಾಸ ಇಂದು ಬಹುಮಟ್ಟಿಗೆ ಆಗಲೇ ಅಚ್ಚಾದ ಕೆಲಸದ ಮೆರವಣಿಗೆಯಾಗಿದೆ. ಸ್ಲೈಡುಗಳು ಸೊಗಸಾಗಿರುತ್ತವೆ, ಪ್ರಶ್ನೆಗೆ ಸಮಯ ಉಳಿಯುವುದಿಲ್ಲ. ಕರೆ ಬಂದವರು ಕೊನೆಯ ಹತ್ತು ನಿಮಿಷವಾದರೂ ತಮಗಿನ್ನೂ ಬಗೆಹರಿಯದ ವಿಷಯವನ್ನು ಮುಂದಿಡಬೇಕು ಎಂಬುದು ನನ್ನ ಆಸೆ. ಕದ್ದಾರು ಎಂಬ ಅಂಜಿಕೆ ಸುಳ್ಳಲ್ಲ. ಆ ಅಂಜಿಕೆಗೆ ಉತ್ತರ ಕೇಳುಗರ ನಡತೆಯಲ್ಲಿದೆ.

ಅರ್ನ್ಸ್ಟ್‌ರಿಗೆ 1991ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು, ಒಬ್ಬರಿಗೇ. ಸುದ್ದಿ ತಲುಪಿದಾಗ ಅವರು ಅಟ್ಲಾಂಟಿಕ್ ಸಾಗರದ ಮೇಲೆ ವಿಮಾನದಲ್ಲಿದ್ದರು. ನೊಬೆಲ್ ಪ್ರತಿಷ್ಠಾನಕ್ಕೆ ಬರೆದುಕೊಟ್ಟ ತಮ್ಮ ಬದುಕಿನ ಕತೆಯಲ್ಲಿ ಅವರು ಬಾಷ್ಕೊ ಪೊಲ್ಯೆಯ ಹೆಸರು ಬರೆದರು, ಜೀನೆರ್ ಹೆಸರು ಬರೆದರು, ಅಲ್ಲಿಗೆ ಹೋಗಿದ್ದ ವಿದ್ಯಾರ್ಥಿಯ ಹೆಸರನ್ನೂ ಬರೆದರು.