ಹರಿತ ಕಣ್ಣಿಗೆ ಕಾಣತ್ತಾ? ಚಾಕುವಿನ ಅಂಚು, ಮೈಕ್ರೋಸ್ಕೋಪಿನ ಕೆಳಗೆ

ಇವತ್ತಿನ ಪ್ರಶ್ನೆ ಅಡುಗೆಮನೆಗೂ ಸೇರಿದ್ದು, ಲ್ಯಾಬಿಗೂ ಸೇರಿದ್ದು. ಚಾಕು ಹರಿತವಾಗಿದೆಯೋ ಇಲ್ಲವೋ ಅಂತ, ಏನನ್ನೂ ಕೊಯ್ಯದೆ, ಬರೀ ನೋಡಿ ಹೇಳಬಹುದಾ?

ಮನೆಯಲ್ಲಾದರೆ ಟೊಮೇಟೊ ಹೆಚ್ಚಿ ನೋಡ್ತೀವಿ. ಸಿಪ್ಪೆ ಮೇಲೆ ಜಾರಿದರೆ ಚಾಕು ಮೊಂಡು, ಸಾಣೆ ಹಿಡಿದರಾಯ್ತು. ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ಹಾಗೆ ಮಾಡೋಕಾಗಲ್ಲ. ಅಲ್ಲಿರೋದು ರೋಗಿಯ ದೇಹದಿಂದ ತೆಗೆದ ಪುಟ್ಟ ಬಯಾಪ್ಸಿ ತುಣುಕು. ಅದನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಸುಮಾರು 4-5 ಮೈಕ್ರೋಮೀಟರ್ ದಪ್ಪದ ಪದರಗಳಾಗಿ ಕೊಯ್ಯುತ್ತಾರೆ. ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬ್ಲೇಡಿನ ಅಂಚಿನಲ್ಲಿ ಒಂದೇ ಒಂದು ಸಣ್ಣ ಚಕ್ಕೆ ಎದ್ದಿದ್ದರೂ, ಪ್ರತಿ ಪದರದಲ್ಲೂ ಅದೇ ಜಾಗದಲ್ಲಿ ಉದ್ದಕ್ಕೆ ಗೀರು ಬೀಳತ್ತೆ. ವೈದ್ಯರು ನೋಡಬೇಕಾದ ಜೀವಕೋಶಗಳು ಅಲ್ಲೇ ಇದ್ದರೆ? ಹರಿದ ಪದರ ವಾಪಸ್ ಸಿಗಲ್ಲ.

ಹಾಗಾದರೆ ಅಂಚನ್ನು ದೊಡ್ಡದು ಮಾಡಿ ನೋಡೋಣ. ಅಂಚು ಅಂದರೆ ಎರಡು ಇಳಿಜಾರು ಮುಖಗಳು ಕೂಡುವ ಜಾಗ. ಅವು ಚೊಕ್ಕವಾಗಿ ಕೂಡಿದ್ದರೆ, ಬೆಳಕನ್ನು ನಮ್ಮ ಕಣ್ಣಿಗೆ ಹಿಂದಿರುಗಿಸೋಕೆ ಅಲ್ಲಿ ಮೇಲ್ಮೈಯೇ ಇರಲ್ಲ, ಗೆರೆ ಕಪ್ಪಗಿರತ್ತೆ. ಅಂಚು ಸವೆದು ದುಂಡಗಾಗಿದ್ದರೆ ಬೆಳ್ಳಿ ದಾರದ ಹಾಗೆ ಮಿನುಗತ್ತೆ. ಚಕ್ಕೆ ಎದ್ದಲ್ಲಿ ಬಿಳಿ ಚುಕ್ಕಿ ಕಾಣತ್ತೆ.

ಇನ್ನೊಂದು ದೋಷ ಇದೆ. ಸಾಣೆ ಹಿಡಿದ ಮೇಲೆ ಅಂಚಿಗೆ ಅಂಟಿಕೊಂಡೇ ಉಳಿಯುವ ತೆಳ್ಳನೆಯ ಲೋಹದ ಎಳೆ. ಬರ್ ಅಂತಾರೆ. ಇದು ಮಹಾ ಮೋಸಗಾರ! ಕಾಗದವನ್ನು ಸರಾಗವಾಗಿ ಕೊಯ್ಯಬಹುದು, ಆದರೆ ಸ್ವಲ್ಪ ತರಕಾರಿ ಹೆಚ್ಚುವಷ್ಟರಲ್ಲೇ ಮಡಚಿಕೊಳ್ಳತ್ತೆ. ಕೊಯ್ದು ನೋಡುವ ಪರೀಕ್ಷೆಯಲ್ಲಿ ಪಾಸಾದದ್ದು ಲೆನ್ಸಿನ ಕೆಳಗೆ ಸಿಕ್ಕಿಬೀಳತ್ತೆ.

ಆದರೆ ಕಪ್ಪು ಗೆರೆ ಕಂಡಿತು ಅಂದಮಾತ್ರಕ್ಕೆ ಚಾಕು ಅತಿ ಹರಿತ ಅಂತ ಅರ್ಥವಲ್ಲ. ಬೆಳಕಿನ ಮೈಕ್ರೋಸ್ಕೋಪಿಗೆ ಸುಮಾರು 200 ನ್ಯಾನೋಮೀಟರ್, ಅಂದರೆ 0.2 ಮೈಕ್ರೋಮೀಟರಿನ ಮಿತಿ ಇದೆ. ಹೊಸ ಶೇವಿಂಗ್ ಬ್ಲೇಡಿನ ತುದಿ ಅದಕ್ಕಿಂತ ತೆಳು. ಹಾಗಾಗಿ ಲೆನ್ಸು 'ಇದು ಮೊಂಡು' ಅಂತ ಧೈರ್ಯವಾಗಿ ಹೇಳಬಲ್ಲದು. 'ಇದು ಎಷ್ಟು ಹರಿತ' ಅಂತ ಹೇಳಲಾರದು. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು.

2020ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಅದನ್ನೇ ಬಳಸಿ ಒಂದು ಹಳೇ ಒಗಟನ್ನು ಬಿಡಿಸಿದರು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಬ್ಲೇಡು ಮೊಂಡಾಗೋದು ಯಾಕೆ? ನಿಧಾನವಾಗಿ ಸವೆದು ಮಾತ್ರ ಅಲ್ಲ, ಚಕ್ಕೆ ಎದ್ದು! ಕೂದಲು ಬಾಗಿ ಅಂಚನ್ನು ಓರೆಯಾಗಿ ಒತ್ತಿದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆ ಅದು ಬಿರಿಯತ್ತೆ.

ತಮಾಷೆ ಅಂದರೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಜೀವಕೋಶದ ಒಳಗನ್ನು ನೋಡೋಕೂ ಮೊದಲು ಒಂದು ಚಾಕು ಬೇಕು. ಪದರ 50ರಿಂದ 100 ನ್ಯಾನೋಮೀಟರ್ ಇರಬೇಕು. 1950ರಲ್ಲಿ ಲ್ಯಾಟಾ ಮತ್ತು ಹಾರ್ಟ್‌ಮನ್ ಇದಕ್ಕೆ ಮುರಿದ ಗಾಜಿನ ಅಂಚನ್ನು ಬಳಸಿ ತೋರಿಸಿದರು. ಇಂದು ವಜ್ರದ ಚಾಕುಗಳಿವೆ, ಆದರೂ ಗಾಜು ಇನ್ನೂ ಬಳಕೆಯಲ್ಲಿದೆ. ಆಗಷ್ಟೇ ಮುರಿದ ಗಾಜಿನ ಅಂಚನ್ನು ಲೆನ್ಸಿನಲ್ಲಿ ಪರೀಕ್ಷಿಸಿ, ಚುಕ್ಕಿಯಿಲ್ಲದ ಭಾಗದಿಂದಷ್ಟೇ ಕೊಯ್ತೀವಿ. ಲೆನ್ಸು ಹರಿತವನ್ನು ಅಳೆಯದಿದ್ದರೂ, ಯಾವ ಭಾಗ ಬೇಡ ಅನ್ನೋದನ್ನು ಹೇಳತ್ತೆ. ಅಪರೂಪದ ಸ್ಯಾಂಪಲ್ ಕೈಯಲ್ಲಿದ್ದಾಗ ಅಷ್ಟು ಸಾಕು.

ಮನೆಯಲ್ಲೂ ನೋಡಬಹುದು. ಚಾಕುವಿನ ಬಾಯಿಯನ್ನು ಮೇಲೆ ಮಾಡಿ ಗಟ್ಟಿಯಾಗಿ ಹಿಡಿದು, ಟಾರ್ಚ್ ಬಿಟ್ಟು, 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ಹಿಡಿಯಿಂದ ತುದಿಯವರೆಗೆ ನೋಡಿ. ಈಳಿಗೆಮಣೆ ಇದ್ದರೆ ಇನ್ನೂ ಸುಲಭ, ಅದರ ಬಾಯಿ ನಿಮ್ಮ ಕಡೆಗೇ ಇರತ್ತೆ! ಹೊಳೆದ ಕಡೆ ಸಾಣೆ ಹಿಡಿಯಿರಿ. ಹೊಳೆಯದಿದ್ದರೆ ಟೊಮೇಟೊ ತನ್ನಿ. ಕೊನೆಯ ಮಾತು ಅದರದ್ದೇ.