ಕಚ್ಚದ ನಾಯಿಯಿಂದಲೂ ರೇಬೀಸ್

ನಾಯಿ ಮಾಂಸ ತಿಂದರೆ ಮೈ ಬೆಚ್ಚಗಾಗುತ್ತೆ, ಶಕ್ತಿ ಬರುತ್ತೆ ಅನ್ನೋ ನಂಬಿಕೆ ವಿಯೆಟ್ನಾಂನಲ್ಲಿ ಹಳೇದು. ಪೋಷಕಾಂಶ ನೋಡಿದರೆ ಅಂಥ ವಿಶೇಷವೇನಿಲ್ಲ: 100 ಗ್ರಾಂನಲ್ಲಿ ಸುಮಾರು 19 ಗ್ರಾಂ ಪ್ರೋಟೀನ್, 20 ಗ್ರಾಂ ಕೊಬ್ಬು. ಬೇರೆ ಮಾಂಸದಲ್ಲೂ ಇದು ಸಿಗುತ್ತೆ.

ಅಪಾಯ ಮಾತ್ರ ದೊಡ್ಡದು. ಹನೋಯ್‌ನ ವೈದ್ಯರು 2009ರಲ್ಲಿ ಒಂದು ರೇಬೀಸ್ ಪ್ರಕರಣ ಪ್ರಕಟಿಸಿದರು. ರೋಗಿಗೆ ನಾಯಿ ಕಚ್ಚಿರಲೇ ಇಲ್ಲ. ರಸ್ತೆ ಅಪಘಾತದಲ್ಲಿ ಸತ್ತ ನಾಯಿಯನ್ನು ಕೊಯ್ದು, ಅಡುಗೆ ಮಾಡಿ ತಿಂದಿದ್ದರು, ಅಷ್ಟೇ.

ರೇಬೀಸ್ ವೈರಾಣು ಹೆಚ್ಚಾಗಿ ಇರೋದು ಮಿದುಳು, ನರ, ಜೊಲ್ಲಿನಲ್ಲಿ. ತಲೆ ಸೀಳುವಾಗ ಬೆರಳಲ್ಲಿ ಸಣ್ಣ ಗೀರು ಇದ್ದರೂ ಅದು ಒಳಗೆ ಹೋಗಬಹುದು. ಚೆನ್ನಾಗಿ ಬೇಯಿಸಿದರೆ ವೈರಾಣು ಸಾಯುತ್ತೆ, ನಿಜ. ಆದರೆ ಹಸಿ ಮಾಂಸ ಕೊಯ್ದ ಕೈಗೆ ಅದರಿಂದೇನು ಪ್ರಯೋಜನ? ಲಕ್ಷಣ ಕಾಣಿಸಿದ ಮೇಲೆ ಬದುಕುಳಿಯೋರು ತೀರಾ ಅಪರೂಪ.

ಅರೆಬೆಂದ ಮಾಂಸದಲ್ಲಿ ಟ್ರೈಕಿನೆಲ್ಲಾ ಹುಳುವಿನ ಕಾಟವೂ ಉಂಟು. ಮಾಂಸಕ್ಕಾಗಿ ಕದ್ದು ತಂದ, ಬೀದಿಯಲ್ಲಿ ಹಿಡಿದ ನಾಯಿಗೆ ರೇಬೀಸ್ ಲಸಿಕೆ ಹಾಕಿದ್ದಾರೋ ಇಲ್ಲವೋ, ಯಾರು ಹೇಳಬೇಕು?

ಇಂಥ ಮಾಂಸ ಕೊಯ್ಯುವಾಗ ಕೈಗೆ ಗಾಯವಾಗಿದ್ದರೆ ಸೋಪು ಹಾಕಿ, ಹರಿಯೋ ನೀರಲ್ಲಿ 15 ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಕೇಳಿ.