ತಿಂಗಳ ಲೆಕ್ಕ ತಪ್ಪಿದಾಗ: ಮಗುವಿಗಾಗಿ ಕಾಯುತ್ತಿರುವ ದಂಪತಿಗಳಿಗೆ, ಅವರ ಹಿರಿಯರಿಗೆ



ನಮ್ಮ ವೈದ್ಯಕೀಯ ನೆರವು ಸಮಿತಿಯಲ್ಲಿ ಅರ್ಜಿಯ ಜೊತೆ ಬರುವ ಬಿಲ್ಲುಗಳನ್ನು ಪರಿಶೀಲಿಸುವ ಕೆಲಸ ನನ್ನದು. ಬ್ಯಾಂಕಿನಲ್ಲಿ ಆಯುಷ್ಯ ಕಳೆದವನಿಗೆ ಅಷ್ಟಾದರೂ ಬರಲಿ ಎಂದು ಸಮಿತಿಯವರು ಕೊಟ್ಟ ಜವಾಬ್ದಾರಿ. ಡಯಾಲಿಸಿಸ್, ಹೃದಯದ ಸ್ಟೆಂಟ್, ಮಂಡಿ ಚಿಕಿತ್ಸೆ, ಇಂಥ ವಿಷಯಗಳ ಬಗ್ಗೆ ಈ ಪುಟದಲ್ಲಿ ಹಿಂದೆ ಬರೆದಿದ್ದೇನೆ. ಈ ಸಲದ ವಿಷಯ ಬರೆಯಲು ನನಗೆ ಸ್ವಲ್ಪ ಸಂಕೋಚವಿತ್ತು. ಆದರೆ ಒಂದು ಅರ್ಜಿಯ ವಿಚಾರದಲ್ಲಿ ನಾನೇ ತಪ್ಪು ಮಾಡಿದ್ದರಿಂದ ನಾನೇ ಬರೆಯುವುದು ನ್ಯಾಯ ಅನ್ನಿಸಿತು.

ಬೀದರ್ ಜಿಲ್ಲೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ದಂಪತಿ. ಗಂಡ ಹೋಟೆಲೊಂದರಲ್ಲಿ ಕೆಲಸ, ಹೆಂಡತಿ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ವಚ್ಛತಾ ಸಿಬ್ಬಂದಿ, ಹೆಚ್ಚಾಗಿ ರಾತ್ರಿ ಪಾಳಿ. ಮದುವೆಯಾಗಿ ನಾಲ್ಕು ವರ್ಷ. ಮಗುವಾಗಿಲ್ಲ, ಚಿಕಿತ್ಸೆಗೆ ನೆರವು ಬೇಕು ಎಂದು ಅರ್ಜಿ. "ಇದು ಪ್ರಾಣಾಪಾಯದ ಕಾಯಿಲೆಯಲ್ಲ" ಎಂದು ಷರಾ ಬರೆದು ನಾನು ಅದನ್ನು ಬದಿಗಿಟ್ಟೆ. ಸಮಿತಿಯ ಒಬ್ಬ ಮಹಿಳಾ ಸದಸ್ಯರು, "ಬಿಲ್ಲನ್ನಾದರೂ ಬಿಡಿಸಿ ನೋಡಿದ್ದೀರಾ?" ಎಂದು ಕೇಳಿದರು. ನೋಡಿರಲಿಲ್ಲ. ಆ ರಾತ್ರಿ ಕೂತು ನೋಡಿದೆ.

ಎರಡು ಸಂಗತಿ ಕಣ್ಣಿಗೆ ಬಿದ್ದವು. ಆರು ಸಲ "21ನೇ ದಿನದ ಪ್ರೊಜೆಸ್ಟರೋನ್" ಎಂಬ ರಕ್ತಪರೀಕ್ಷೆ ಆಗಿತ್ತು, ಆರೂ ಸಲ ಫಲಿತಾಂಶ ಕಡಿಮೆ. ಇನ್ನೊಂದು, ಅಷ್ಟು ದಪ್ಪ ಫೈಲಿನಲ್ಲಿ ಗಂಡನ ಹೆಸರಿನ ಬಿಲ್ಲು ಒಂದೂ ಇರಲಿಲ್ಲ.

ಆ ಮೇಲೆ ವೈದ್ಯರನ್ನು ಕೇಳಿ, ಓದಿ ನಾನು ತಿಳಿದುಕೊಂಡದ್ದನ್ನು ಕೆಳಗೆ ಕೊಟ್ಟಿದ್ದೇನೆ. ದಂಪತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಮುಟ್ಟಿನ ಮೊದಲ ದಿನವನ್ನು 1 ಎಂದು ಹಿಡಿದು, ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಎಣಿಸಿದರೆ ಅದು ಒಂದು ಋತುಚಕ್ರ. 21ರಿಂದ 35 ದಿನದ ಚಕ್ರವನ್ನು ಸಾಮಾನ್ಯ ಎನ್ನುತ್ತಾರೆ. 28 ಎಂಬುದು ಪುಸ್ತಕದ ಸಂಖ್ಯೆ ಅಷ್ಟೆ.

ಈ ಚಕ್ರಕ್ಕೆ ಎರಡು ಭಾಗ. ಮೊದಲ ಭಾಗದಲ್ಲಿ ಅಂಡಾಶಯದೊಳಗೆ ಅಂಡ ಬಲಿಯುತ್ತದೆ. ಬಲಿತ ಅಂಡ ಹೊರಬರುವುದೇ ಅಂಡೋತ್ಪತ್ತಿ. ಅಲ್ಲಿಂದ ಮುಂದಿನ ಮುಟ್ಟಿನವರೆಗೆ ಎರಡನೇ ಭಾಗ. ಎರಡನೇ ಭಾಗ ಹೆಚ್ಚುಕಡಿಮೆ 14 ದಿನ, ತಿಂಗಳಿಂದ ತಿಂಗಳಿಗೆ ಹೆಚ್ಚು ಬದಲಾಗುವುದಿಲ್ಲ. ಹಿಗ್ಗುವುದು ಕುಗ್ಗುವುದು ಮೊದಲ ಭಾಗ. ಮುಟ್ಟು ತಡವಾಯಿತು ಎಂದರೆ ಬಹುಪಾಲು ಅಂಡವೇ ತಡವಾಗಿ ಹೊರಬಂದಿದೆ, ಅಥವಾ ಆ ತಿಂಗಳು ಬಂದೇ ಇಲ್ಲ ಎಂದರ್ಥ.

ಫಿಕ್ಸೆಡ್ ಡಿಪಾಜಿಟ್ ಯಾವಾಗ ಮೆಚ್ಯೂರ್ ಆಗುತ್ತದೆಂದು ಗೊತ್ತಿದ್ದರೆ ಅದರಿಂದ 14 ದಿನ ಹಿಂದಕ್ಕೆ ಎಣಿಸುವುದು ಸುಲಭ. ಮೆಚ್ಯೂರಿಟಿ ತಾರೀಖೇ ಗೊತ್ತಿಲ್ಲದಿದ್ದರೆ ಎಲ್ಲಿಂದ ಎಣಿಸುವುದು? ಮುಟ್ಟು ಏರುಪೇರಾಗುವ ಹೆಣ್ಣುಮಕ್ಕಳ ಕಷ್ಟ ಇಷ್ಟೇ. ಅಂಡ ಬಂದದ್ದು ಕ್ಯಾಲೆಂಡರಿನಲ್ಲಿ ಗೊತ್ತಾಗುವುದು ಅವಕಾಶ ಕಳೆದುಹೋದ ಮೇಲೆ.

ಆ ಹೆಣ್ಣುಮಗಳು ತನ್ನ ಫೋನಿನಲ್ಲಿ ಗುರುತು ಹಾಕಿಟ್ಟಿದ್ದ ಆರು ಚಕ್ರಗಳ ಲೆಕ್ಕ ಇದು: 34, 47, 39, 52, 36, 44 ದಿನ. ಒಟ್ಟು 252, ಸರಾಸರಿ 42. ಫೋನಿನ ಆಪ್ ಸರಾಸರಿಯಿಂದ 14 ಕಳೆದು "28ನೇ ದಿನ" ಎಂದು ತೋರಿಸುತ್ತಿತ್ತು. ಒಂದೊಂದೇ ಚಕ್ರದಿಂದ 14 ಕಳೆದು ನೋಡಿ: 20, 33, 25, 38, 22, 30. ಆರರಲ್ಲಿ ಒಂದೂ 28ಕ್ಕೆ ಬೀಳಲಿಲ್ಲ.

ಇನ್ನು ಆ ರಕ್ತಪರೀಕ್ಷೆ. ಅಂಡ ಹೊರಬಂದ ಮೇಲೆ ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಏರಿ, ಸುಮಾರು ಒಂದು ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ. ಆಗ ಅದು 3 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಅಂಡೋತ್ಪತ್ತಿ ಆಗಿದೆ ಎಂದು ವೈದ್ಯರು ತಿಳಿಯುತ್ತಾರೆ. ಮುಂದಿನ ಮುಟ್ಟಿಗೆ 7 ದಿನ ಮೊದಲು ಮಾಡಬೇಕಾದ ಪರೀಕ್ಷೆ ಇದು. 28 ದಿನದ ಚಕ್ರವಿದ್ದರೆ ಅದು 21ನೇ ದಿನ, 42 ದಿನದ್ದಾದರೆ 35ನೇ ದಿನ. ಆಕೆಯ ಆರು ಚಕ್ರಗಳಲ್ಲಿ ಐದರಲ್ಲಿ 21ನೇ ದಿನಕ್ಕೆ ಅಂಡವೇ ಹೊರಬಂದಿರಲಾರದು, ಒಂದರಲ್ಲಿ ಬಂದು ಒಂದೇ ದಿನ. ಹೀಗಿರುವಾಗ ಆರೂ ವರದಿ "ಕಡಿಮೆ" ಎಂದು ಬಂದದ್ದರಲ್ಲಿ ಆಶ್ಚರ್ಯವೇನು? ಚಕ್ರ ಉದ್ದವಿದ್ದಾಗ ಈ ಪರೀಕ್ಷೆಯನ್ನು ತಡವಾಗಿ ಶುರು ಮಾಡಿ, ಮುಟ್ಟು ಬರುವವರೆಗೆ ವಾರಕ್ಕೊಮ್ಮೆ ಮಾಡಿಸುವುದು ಸರಿಯಾದ ಕ್ರಮ. ನಾಲ್ಕು ವರ್ಷದಲ್ಲಿ ಇದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. "ನಿನ್ನಲ್ಲಿ ಅಂಡವೇ ಆಗುವುದಿಲ್ಲ" ಎಂಬ ಮಾತು ಮಾತ್ರ ಮನೆಮಂದಿಯ ಬಾಯಲ್ಲಿ ಉಳಿದುಬಿಟ್ಟಿತ್ತು.

ಹಾಗಾದರೆ ತಿಳಿಯುವುದು ಹೇಗೆ?

ಹೊರಬಂದ ಅಂಡಕ್ಕೆ ಆಯುಷ್ಯ 12ರಿಂದ 24 ಗಂಟೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ 5 ದಿನದವರೆಗೂ ಬದುಕಬಲ್ಲದು. ಆದ್ದರಿಂದ ಅಂಡ ಬರುವ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನ ಗರ್ಭ ನಿಲ್ಲುವ ಕಾಲ. 1995ರಲ್ಲಿ ಅಮೆರಿಕದಲ್ಲಿ ಆಲನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಮಹಿಳೆಯರ ಅಧ್ಯಯನದಿಂದ ಇದನ್ನು ತೋರಿಸಿದರು. 2000ದಲ್ಲಿ ಅವರೇ ಪ್ರಕಟಿಸಿದ ಇನ್ನೊಂದು ಬರಹದ ಪ್ರಕಾರ, ಈ ಆರು ದಿನಗಳು ಪೂರ್ತಿಯಾಗಿ 10ರಿಂದ 17ನೇ ದಿನದೊಳಗೆ ಬಂದದ್ದು ಸುಮಾರು ಶೇ. 30 ಮಹಿಳೆಯರಲ್ಲಿ ಮಾತ್ರ. ಮುಟ್ಟು ಸರಿಯಾಗಿ ಆಗುವವರಲ್ಲೇ ಹೀಗೆ.

ದೇಹವೇ ಕೊಡುವ ಸೂಚನೆ: ಅಂಡ ಬರುವ ಮುಂಚಿನ ದಿನಗಳಲ್ಲಿ ಯೋನಿಯ ಸ್ರಾವ ತಿಳಿಯಾಗಿ, ಜಾರುವಂತೆ, ಲೋಳೆಸರದ ತಿರುಳಿನ ಹಾಗೆ ಎಳೆಯಾಗಿ ಹಿಗ್ಗುತ್ತದೆ. ಆಮೇಲೆ ಗಟ್ಟಿಯಾಗಿ ಒಣಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಚಕ್ರ ಎಷ್ಟು ಉದ್ದವಿದ್ದರೂ ಇದು ಮುಂಚಿತವಾಗಿಯೇ ತಿಳಿಸುತ್ತದೆ. ತಾಯಂದಿರು ಹೆಣ್ಣುಮಕ್ಕಳಿಗೆ ಹೇಳಿಕೊಡಬಹುದಾದ ಮಾತು. ಸೋಂಕಿದ್ದರೆ, ಅಂದರೆ ತುರಿಕೆ ಅಥವಾ ವಾಸನೆ ಇದ್ದರೆ, ಈ ಸೂಚನೆ ನಂಬುವಂತಿಲ್ಲ, ವೈದ್ಯರಿಗೆ ತೋರಿಸಬೇಕು.

ಮೂತ್ರದ ಎಲ್‌ಎಚ್ ಪಟ್ಟಿ: ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಪರೀಕ್ಷೆಯ ಗೆರೆ ಪಕ್ಕದ ಕಂಟ್ರೋಲ್ ಗೆರೆಯಷ್ಟು ಅಥವಾ ಅದಕ್ಕಿಂತ ಗಾಢವಾದರೆ ಮುಂದಿನ 24ರಿಂದ 36 ಗಂಟೆಯಲ್ಲಿ ಅಂಡ ಬರುವ ಸಂಭವ. ತಿಳಿ ಗೆರೆ ಕಂಡರೆ ಸಾಲದು. ಯಾವ ದಿನದಿಂದ ಶುರು ಮಾಡಬೇಕು? ಅತಿ ಚಿಕ್ಕ ಚಕ್ರದಿಂದ 17 ಕಳೆಯಿರಿ. ಈಕೆಯ ಲೆಕ್ಕದಲ್ಲಿ 34ರಿಂದ 17 ಕಳೆದರೆ 17ನೇ ದಿನ. ಅಲ್ಲಿಂದ 38ನೇ ದಿನದವರೆಗೂ ಹೋಗಬೇಕಾಗಬಹುದು, ಅಂದರೆ ಒಂದೇ ಚಕ್ರಕ್ಕೆ ಇಪ್ಪತ್ತಕ್ಕೂ ಹೆಚ್ಚು ಪಟ್ಟಿ. ಅದಕ್ಕೇ ಸ್ರಾವ ತಿಳಿಯಾಗಲು ತೊಡಗಿದ ಮೇಲೆ ಪಟ್ಟಿ ಬಳಸಿದರೆ ದುಡ್ಡು ಉಳಿಯುತ್ತದೆ. ಪಿಸಿಓಎಸ್ ಇರುವವರಲ್ಲಿ ಎಲ್‌ಎಚ್ ಮೊದಲೇ ಹೆಚ್ಚಿರಬಹುದಾದ್ದರಿಂದ ಪಟ್ಟಿ ಸುಳ್ಳು ಹೇಳುವುದುಂಟು.

ಬೆಳಗಿನ ದೇಹದ ಉಷ್ಣ: ಎದ್ದ ಕೂಡಲೇ, ಹಾಸಿಗೆ ಬಿಡುವ ಮುಂಚೆ ಥರ್ಮಾಮೀಟರಿನಿಂದ ನೋಡುವುದು. ಅಂಡ ಬಂದ ಮೇಲೆ ಉಷ್ಣ ಸುಮಾರು 0.3 ಡಿಗ್ರಿ ಸೆಲ್ಸಿಯಸ್ ಏರಿ ಹಾಗೇ ನಿಲ್ಲುತ್ತದೆ. ಇದು ನಡೆದುಹೋದದ್ದಕ್ಕೆ ರಸೀದಿ, ಮುನ್ಸೂಚನೆಯಲ್ಲ. ರಾತ್ರಿ ಪಾಳಿಯವರಿಗೆ, ನಿದ್ದೆ ಕೆಟ್ಟವರಿಗೆ, ಜ್ವರ ಬಂದವರಿಗೆ ಈ ಲೆಕ್ಕ ಕೂಡುವುದಿಲ್ಲ. ನಮ್ಮ ಅರ್ಜಿದಾರಳು ಮೂರು ತಿಂಗಳು ಇದನ್ನು ಮಾಡಿ ಅಳುತ್ತಾ ಬಿಟ್ಟಳಂತೆ.

ಸ್ಕ್ಯಾನ್: ಅಂಡಕೋಶ ದಿನಕ್ಕೆ ಒಂದೆರಡು ಮಿಲಿಮೀಟರ್ ಬೆಳೆದು, ಸುಮಾರು 18ರಿಂದ 24 ಮಿಲಿಮೀಟರ್ ಆದಾಗ ಒಡೆಯುತ್ತದೆ. ವೈದ್ಯರು ಕೆಲವು ದಿನ ಬಿಟ್ಟು ಬಿಟ್ಟು ಸ್ಕ್ಯಾನ್ ಮಾಡಿ ನೋಡುತ್ತಾರೆ. ನಂಬಿಕಸ್ಥ ವಿಧಾನ. ಆದರೆ ಪ್ರತಿ ಸ್ಕ್ಯಾನಿಗೂ ಬಿಲ್ಲು, ಒಂದು ದಿನದ ಕೂಲಿ, ಆಟೋ ಬಾಡಿಗೆ. ಚಕ್ರ ಎಷ್ಟು ದಿನವೆಂದೇ ತಿಳಿಯದಾಗ ಎಷ್ಟು ಸ್ಕ್ಯಾನ್ ಬೇಕಾದೀತೆಂದೂ ತಿಳಿಯದು.

ಇವೆಲ್ಲ ತಲೆನೋವು ಅನ್ನಿಸಿದವರಿಗೆ ವೈದ್ಯರು ಹೇಳುವ ಸರಳ ದಾರಿಯೂ ಇದೆ. ಎರಡು ಮೂರು ದಿನಕ್ಕೊಮ್ಮೆ ದಂಪತಿ ಕೂಡಿದ್ದರೆ ಸಾಕು, ಯಾವ ದಿನ ಅಂಡ ಬಂದರೂ ತಪ್ಪಿಹೋಗುವುದಿಲ್ಲ. ಆದರೆ ಒಬ್ಬರಿಗೆ ಹಗಲು ಪಾಳಿ, ಇನ್ನೊಬ್ಬರಿಗೆ ರಾತ್ರಿ ಪಾಳಿ, ಒಂದೇ ಕೋಣೆಯ ಮನೆಯಲ್ಲಿ ಅತ್ತೆ ಮಾವ. ಅಂಥವರಿಗೆ ಇದನ್ನು ಸಲೀಸಾಗಿ ಹೇಳುವುದು ಹೇಗೆ?

ದಿನ ಹುಡುಕುವ ಮೊದಲು ಕಾರಣ ಹುಡುಕಿ

ಒಂದು ವರ್ಷ ಪ್ರಯತ್ನಿಸಿ ಆಮೇಲೆ ವೈದ್ಯರಲ್ಲಿಗೆ ಹೋಗಿ ಎಂಬ ಮಾತು ಮುಟ್ಟು ಸರಿಯಿರುವವರಿಗೆ. 35 ದಾಟಿದವರು ಆರು ತಿಂಗಳಿಗೇ ಹೋಗಬೇಕು. ಮುಟ್ಟು ಏರುಪೇರಾಗಿದ್ದರೆ ಕಾಯದೆ ಹೋಗಬೇಕು. ಮುಟ್ಟು ನಿಂತಾಗಲೆಲ್ಲ ಮೊದಲು ಗರ್ಭಪರೀಕ್ಷೆ. ಗರ್ಭವಿಲ್ಲದೆ ಮೂರು ತಿಂಗಳು ಮುಟ್ಟಾಗದಿದ್ದರೆ ಮಗು ಬೇಕಿರಲಿ ಬಿಡಲಿ ತೋರಿಸಿಕೊಳ್ಳಬೇಕು.

ಥೈರಾಯ್ಡಿಗೆ ಟಿಎಸ್‌ಎಚ್, ಜೊತೆಗೆ ಪ್ರೊಲ್ಯಾಕ್ಟಿನ್, ಇವು ಮೊದಲ ರಕ್ತಪರೀಕ್ಷೆಗಳು. ಅತಿ ಸಾಮಾನ್ಯ ಕಾರಣ ಪಿಸಿಓಎಸ್. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಹಿಳೆಯರಲ್ಲಿ ಇದನ್ನು ಗುರುತಿಸಿ ಬರೆದರು. ಸ್ಕ್ಯಾನಿನಲ್ಲಿ "ಸಿಸ್ಟ್" ಎಂದು ಬರೆದಿರುವುದು ಗಡ್ಡೆಯಲ್ಲ, ಅರ್ಧ ಬೆಳೆದು ನಿಂತ ಅಂಡಕೋಶಗಳು. ತೂಕ ಹೆಚ್ಚಿರುವವರು ಶೇ. 5ರಿಂದ 10 ಇಳಿಸಿದರೂ ಕೆಲವರಲ್ಲಿ ಮುಟ್ಟು ದಾರಿಗೆ ಬರುತ್ತದೆ. ಅಂಡ ಬರಿಸಲು ಲೆಟ್ರೋಝೋಲ್ ಎಂಬ ಐದು ದಿನದ ಮಾತ್ರೆ ಇಂದು ಮೊದಲ ಆಯ್ಕೆ. 2014ರಲ್ಲಿ 750 ಮಹಿಳೆಯರ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ ಹಳೆಯ ಕ್ಲೋಮಿಫೀನ್ ಪಡೆದವರಲ್ಲಿ ಶೇ. 19.1, ಲೆಟ್ರೋಝೋಲ್ ಪಡೆದವರಲ್ಲಿ ಶೇ. 27.5 ಮಂದಿಗೆ ಮಗುವಾಯಿತು. ವೈದ್ಯರ ಚೀಟಿಯಿಲ್ಲದೆ ಇದನ್ನು ಖಂಡಿತ ತೆಗೆದುಕೊಳ್ಳಬಾರದು.

ಗಂಡನ ಹೆಸರಿನ ಬಿಲ್ಲು ಎಲ್ಲಿ?

ಈ ಸಮಸ್ಯೆ ಇರುವ ದಂಪತಿಗಳಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯಪರೀಕ್ಷೆಗೆ ಸೂಜಿಯಿಲ್ಲ, ಸ್ಕ್ಯಾನಿಲ್ಲ. 2ರಿಂದ 7 ದಿನ ಸಂಪರ್ಕವಿಲ್ಲದೆ ಇದ್ದು ಮಾದರಿ ಕೊಟ್ಟರಾಯಿತು. ಹೆಂಡತಿಯ ಎರಡನೇ ಪರೀಕ್ಷೆಗೆ ಮುಂಚೆ ಗಂಡನ ಮೊದಲನೇ ಪರೀಕ್ಷೆ ಆಗಬೇಕು.

ಇಲ್ಲಿ ನನ್ನದೂ ಒಂದು ಮಾತು. ಮದುವೆಯಾದ ಹೊಸದರಲ್ಲಿ ನಮಗೂ ಐದು ವರ್ಷ ಮಗುವಾಗಲಿಲ್ಲ. ನನ್ನ ಹೆಂಡತಿ ಹರಕೆ ಹೊತ್ತಳು, ಉಪವಾಸ ಮಾಡಿದಳು, ಆಸ್ಪತ್ರೆ ತಿರುಗಿದಳು, ಸೀಮಂತಗಳಿಗೆ ಹೋದಾಗ ಹಿಂದಿನ ಸಾಲಿನಲ್ಲಿ ಕೂತಳು. ನನ್ನನ್ನು ಪರೀಕ್ಷೆಗೆ ಬರಹೇಳಿದಾಗ ಆಡಿಟ್ ಇದೆ ಎಂದೆ. ಆಡಿಟ್ ಎರಡು ವರ್ಷ ಮುಗಿಯಲೇ ಇಲ್ಲ. ಅವಳು ಇದನ್ನು ಎಂದೂ ಎತ್ತಿ ಆಡಿಲ್ಲ, ಆದರೆ ನನಗೆ ನೆನಪಿದೆ.

ಆ ಹೋಟೆಲಿನ ಹುಡುಗನಿಗೆ ನಾನು ಇದನ್ನೇ ಹೇಳಿದೆ. ಮರುವಾರ ಪರೀಕ್ಷೆ ಮಾಡಿಸಿಕೊಂಡು ಬಂದ. ಅವನ ವರದಿಯಲ್ಲೂ ವೈದ್ಯರು ಗಮನಿಸಬೇಕಾದ ಅಂಶವಿತ್ತು. ಅವಳಿಗೆ ಸರಿಯಾದ ದಿನಗಳಲ್ಲಿ ಪ್ರೊಜೆಸ್ಟರೋನ್ ನೋಡಿದಾಗ ಒಂದು ಚಕ್ರದಲ್ಲಿ ಅಂಡ ಬಂದದ್ದು ಖಚಿತವಾಯಿತು. ಇಬ್ಬರಿಗೂ ಈಗ ಚಿಕಿತ್ಸೆ ನಡೆದಿದೆ. ಮಗುವಾಗುತ್ತದೆಯೇ ಎಂದು ನಾನು ಹೇಳಲಾರೆ. ಆದರೆ ಆ ಮನೆಯಲ್ಲಿ ಅವಳೊಬ್ಬಳೇ ತಪ್ಪಿತಸ್ಥೆಯಾಗಿ ಕೂತಿಲ್ಲ.

ಸಮಿತಿಯ ಮನವಿ

ನಮ್ಮ ನಗರದಲ್ಲಿ ಪೇಟ್ಲಾಬುರ್ಜ್ ಮತ್ತು ಸುಲ್ತಾನ್ ಬಜಾರಿನ ಸರ್ಕಾರಿ ಹೆರಿಗೆ ಆಸ್ಪತ್ರೆಗಳಿವೆ. ಗಾಂಧಿ ಆಸ್ಪತ್ರೆಯಲ್ಲಿ 2023ರ ಅಕ್ಟೋಬರಿನಲ್ಲಿ ಸರ್ಕಾರಿ ಫರ್ಟಿಲಿಟಿ ಕೇಂದ್ರದ ಉದ್ಘಾಟನೆಯಾಗಿದೆ. ಮೊದಲ ಸಲಹೆಗೆ ಅಲ್ಲಿಗೆ ಹೋಗಬಹುದು. ತೆಲುಗು ಬಾರದ, ಹೊಸದಾಗಿ ಬಂದ ಕುಟುಂಬಗಳ ಜೊತೆ ಹೋಗಲು ನಮ್ಮ ಮಹಿಳಾ ವಿಭಾಗದವರು ಒಪ್ಪಿದ್ದಾರೆ.

ಆರೋಗ್ಯ ವಿಮೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಪಾಲಿಸಿಗಳ ಪ್ರಮಾಣಿತ ವಿನಾಯಿತಿ ಪಟ್ಟಿಯಲ್ಲಿ 17ನೇ ಕೋಡ್ ಎಂದರೆ ಇದೇ ಚಿಕಿತ್ಸೆ. ಸಾಮಾನ್ಯವಾಗಿ ಅದಕ್ಕೆ ಹಣ ಬರುವುದಿಲ್ಲ. ಹಾಗಾಗಿ ಇಂಥವರ ಮೊದಲ ಹಂತದ ಪರೀಕ್ಷೆಗಳಿಗೆ, ಅಂದರೆ ಗಂಡ ಹೆಂಡತಿ ಇಬ್ಬರ ಪರೀಕ್ಷೆಗಳಿಗೆ, ನೆರವು ನಿಧಿಯಿಂದ ಹಣ ಕೊಡಲು ಸಮಿತಿ ತೀರ್ಮಾನಿಸಿದೆ. ಐವಿಎಫ್‌ನಂಥ ದೊಡ್ಡ ಖರ್ಚು ನಮ್ಮ ಶಕ್ತಿಗೆ ಮೀರಿದ್ದು. ಆದರೆ ಸರಿಯಾದ ದಿನದ ಒಂದು ಪರೀಕ್ಷೆ ತಪ್ಪು ದಿನದ ಆರು ಪರೀಕ್ಷೆಗಳನ್ನು ಉಳಿಸುತ್ತದೆ.

ಅರ್ಜಿಯ ಗುಟ್ಟು ಕಾಯುತ್ತೇವೆ. ಕಡತ ಇಬ್ಬರು ಸದಸ್ಯರ ಕೈ ದಾಟುವುದಿಲ್ಲ. ದಾನಿಗಳು ಕಾಣಿಕೆ ಕೊಡುವಾಗ "ದಂಪತಿ ಪರೀಕ್ಷಾ ನೆರವು" ಎಂದು ನಮೂದಿಸಿದರೆ ಆ ಹಣ ಅದಕ್ಕೇ ಸಲ್ಲುತ್ತದೆ, ರಸೀದಿಯ ಜೊತೆ ವರ್ಷದ ಲೆಕ್ಕವೂ ತಮಗೆ ತಲುಪುತ್ತದೆ.

ಹಿರಿಯರಲ್ಲಿ ಇನ್ನೊಂದು ಕೋರಿಕೆ, ಇದಕ್ಕೆ ದುಡ್ಡು ಬೇಕಿಲ್ಲ. ಮುಂದಿನ ಸಮಾರಂಭದಲ್ಲಿ ಯಾವ ಸೊಸೆಯನ್ನಾದರೂ "ಏನೂ ವಿಶೇಷ ಇಲ್ಲವೇ?" ಎಂದು ಕೇಳುವ ಮುಂಚೆ ಒಂದು ಕ್ಷಣ ತಡೆಯಿರಿ.

ತಮ್ಮ ವಿಶ್ವಾಸಿ,
ವೈದ್ಯಕೀಯ ನೆರವು ಸಮಿತಿಯ ಪರವಾಗಿ